ಕೂದಲು ಉದುರಿಸದ ಟ್ರಿಗ್

ಮೇ ಹದಿನೇಳು, ನಮ್ಮ ರಾಷ್ಟ್ರೀಯ ದಿನ. ಅದರ ಮೆರವಣಿಗೆಯಲ್ಲಿ ಈ ಸಲ ಬಾವುಟ ಹಿಡಿದು ಮುಂದೆ ನಡೆಯುವ ಗೌರವ ನನ್ನದು. ಕಪ್ಪು ಕೋಟು, ಬೆಳ್ಳಿ ಗುಂಡಿ, ಉಬ್ಬಿದ ಎದೆ. ಹಿಂದೆ ಬರುತ್ತಿದ್ದ ಇಡೀ ದ್ವೀಪ ಕಿಸಕಿಸ ನಗುತ್ತಿತ್ತು. ಹಬ್ಬದ ಖುಷಿ ಅಂದುಕೊಂಡೆ. ಚರ್ಚಿನ ಹತ್ತಿರ ಬಂದಾಗ, ಕುರಿ ಸಾಕುವ ಇಂಗ್ವಾಲ್ಡ್ ಕಿವಿಯಲ್ಲಿ ಹೇಳಿದ: "ಬೆನ್ನು ನೋಡ್ಕೊಳ್ಳೋ ಮಾರಾಯ. ನನ್ನ ಕುರಿ ಕೂಡ ಇಷ್ಟು ಉಣ್ಣೆ ಹೊರಲ್ಲ."

ಹೊರಡುವ ಮುಂಚೆ ಪಕ್ಕದ ಮನೆಯ ತೂರ್ಡಿಸ್ ಅವರ ಅಂಗಳದ ಬೆಂಚಿಗೆ ಒರಗಿ ಕಾಫಿ ಕುಡಿದಿದ್ದೆ. ಚಳಿ ಮುಗಿದು ನಾಯಿಗಳು ಒಳಗೂದಲು ಉದುರಿಸುವ ಕಾಲದಲ್ಲಿ ಆ ಬೆಂಚಿಗೆ ಒರಗುವವನು ನನ್ನಂಥ ದಡ್ಡನೇ ಇರಬೇಕು. ಊರಿನ ನಾಯಿಗಳೆಲ್ಲ ಅಲ್ಲೇ ಬಾಚಿಸಿಕೊಳ್ಳುವುದು. ಮೀನು ಕಾರ್ಖಾನೆಯಲ್ಲಿ ಬೆರಳು ಸವೆಸಿ ಎಪ್ಪತ್ತು ದಾಟಿದ ತೂರ್ಡಿಸ್, ಬಾಚಿದ್ದನ್ನು ನೂತು ಮೀನುಗಾರರಿಗೆ ಕೈಗವಸು ಹೆಣೆಯುತ್ತಾರೆ. ಮಳೆ ಬಂದರೆ ದೋಣಿಗಳೆಲ್ಲ ನಾಯಿ ವಾಸನೆ. ಯಾರೂ ದೂರುವುದಿಲ್ಲ, ಕೈ ಬೆಚ್ಚಗಿರುತ್ತದಲ್ಲ.

ಮೆರವಣಿಗೆ ಮುಗಿದದ್ದೇ ಕೋಟು ಬಿಚ್ಚುತ್ತಾ ಅವರಲ್ಲಿಗೇ ಓಡಿದೆ. "ಹಾಕ್ಕೊಂಡೇ ತಿರುಗಿ ನಿಂತ್ಕೋ. ಕಚ್ಚಬೇಡ," ಎಂದು ನಾಯಿ ಬಾಚಣಿಗೆಯಲ್ಲೇ ಎಳೆದರು. ಒಂದು ಹಿಡಿ ಬಂತು. ಅದನ್ನು ನೋಡಿ ಅವರ ಮುಖ ಇಳಿಯಿತು. "ನಿನ್ನ ಮೈಯಿಂದ ಬರುತ್ತೆ. ಇವನ ಮೈಯಿಂದ ಬರಲ್ಲ."

ಅವರ ಕಾಲ ಬಳಿ ಟ್ರಿಗ್ ಮಲಗಿದ್ದ. ಅವರದೇ ನಾಯಿ, ಬೂದು ಬಣ್ಣದ ಮುದಿ ಬೇಟೆನಾಯಿ. ಬೇರೆ ನಾಯಿಗಳೆಲ್ಲ ತೆಳ್ಳಗಾಗಿದ್ದರೆ ಇವನು ಇನ್ನೂ ಜನವರಿಯನ್ನೇ ಹೊದ್ದಿದ್ದ, ಮಂಕಾಗಿ, ಗಂಟುಗಂಟಾಗಿ. ಏಳಲೂ ಮನಸ್ಸಿಲ್ಲ. ತೂರ್ಡಿಸ್ ಬಾಚಣಿಗೆ ಎಳೆದು ಬೆಳಕಿಗೆ ಹಿಡಿದರು. ಖಾಲಿ.

ಅಷ್ಟರಲ್ಲಿ ಇಂಗ್ವಾಲ್ಡ್ ಕುರಿ ಬೋಳಿಸುವ ಯಂತ್ರ ಹಿಡಿದು ಬಂದ. "ತೆಗೆದೇ ಬಿಡೋಣ. ಕುರಿಗೆ ಆಗೋದು ನಾಯಿಗೆ ಆಗಲ್ವಾ?"

"ನಿನ್ನ ತಲೆ ಬೋಳಿಸ್ಕೋ ಹೋಗು," ಎಂದರು ತೂರ್ಡಿಸ್.

ಇಂಗ್ವಾಲ್ಡ್ ಟೋಪಿ ತೆಗೆದು ತೋರಿಸಿದ. "ತಡವಾಯ್ತು."

"ಮೇಲ್ಗೂದಲು ಹೋದ್ರೆ ಮಳೆ, ಬಿಸಿಲು ಎಲ್ಲಾ ಚರ್ಮಕ್ಕೇ ಕಣೋ. ತಿರುಗಿ ಸರಿಯಾಗಿ ಬೆಳೆಯುತ್ತೆ ಅಂತ ಯಾರು ಹೇಳಿದ್ರು? ಇವನಿಗೆ ಆಗಿರೋದು ಮೈಮೇಲಲ್ಲ, ಮೈಯೊಳಗೆ."

ಥೈರಾಯ್ಡ್ ಸೋತಿರಬಹುದು, ಹಾಗಿದ್ದರೆ ಮಾತ್ರೆ ಇದೆ ಎಂದು ಪಶುವೈದ್ಯೆ ಫೋನಿನಲ್ಲಿ ಹೇಳಿದ್ದರಂತೆ. ಬೇರೇನಾದರೂ ಆಗಿದ್ದರೆ, ಈ ವಯಸ್ಸಿಗೆ... ತೂರ್ಡಿಸ್ ಅಲ್ಲಿಗೇ ನಿಲ್ಲಿಸಿದರು. ರಕ್ತ ಪರೀಕ್ಷೆಗೆ ನಾಳೆ ಬೆಳಗಿನ ದೋಣಿ.

ಇಂಗ್ವಾಲ್ಡ್ ಯಂತ್ರವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ. ನನಗಂತೂ ಸಮಾಧಾನ ಹೇಳಿ ಅಭ್ಯಾಸವಿಲ್ಲ. "ಮಾತ್ರೆ ಕೆಲಸ ಮಾಡಿ ಇವನೂ ಉದುರಿಸೋಕೆ ಶುರು ಮಾಡಿದ್ರೆ ಮೊದಲು ಏನ್ ಮಾಡ್ತೀರಿ?" ಎಂದು ಕೇಳಿದೆ.

ತೂರ್ಡಿಸ್ ಬಾಚಣಿಗೆಯನ್ನು ಮತ್ತೆ ಟ್ರಿಗ್‌ನ ಬೆನ್ನಿಗಿಟ್ಟರು.

"ಹೊಸ ಪೊರಕೆ ತಗೋಬೇಕು."