ಗೂಟದ ಮೇಲಿನ ಚಪ್ಪಲಿ

ಸ್ತಾಕಿಸ್ ಮಹಾ ಪುಕ್ಕಲ. ಮುಚ್ಚಿಟ್ಟು ಏನು ಪ್ರಯೋಜನ, ರೋಮ್ ನಗರಕ್ಕೆ ನೀರು ತರುವ ಕಾಲುವೆಯ ಆಳುಗಳಿಗೆಲ್ಲ ಗೊತ್ತಿದ್ದ ಮಾತದು. ಇಂಥವನ ಪಾಲಿಗೆ ಬಂದ ಕೆಲಸವೋ, ನೆಲದಡಿಯ ಕಲ್ಲುಕಾಲುವೆಗೆ ಇಳಿದು ಗೋಡೆಗೆ ಕಟ್ಟಿದ ಸುಣ್ಣದ ಹಕ್ಕಳೆ ಕೆತ್ತುವುದು! ಹದಿನೆಂಟು ವರ್ಷ ಕೆತ್ತಿದ; ಒಂದು ದಿನವೂ ಹೆದರದೆ ಇಳಿಯಲಿಲ್ಲ.

ಕೆತ್ತುವ ದಿನ ಹಲಗೆಬಾಗಿಲು ಇಳಿಸಿ ನೀರನ್ನು ಪಕ್ಕದ ಹಳ್ಳಕ್ಕೆ ತಿರುಗಿಸುತ್ತಿದ್ದರು. ಇಳಿಯುವವರು ಕಂಡಿಯ ಬಾಯಲ್ಲಿದ್ದ ಗೂಟಗಳಿಗೆ ಚಪ್ಪಲಿ ನೇತುಹಾಕಬೇಕು. ಗೂಟಗಳು ಖಾಲಿಯಾದರೆ ಎಲ್ಲರೂ ಮೇಲೆ ಬಂದರೆಂದು ಅರ್ಥ. ಆಮೇಲೆ ಕಾವಲಿನ ರೂಫಿಯೋ ಹಲಗೆ ಎತ್ತುತ್ತಿದ್ದ.

ಆ ದಿನ ಬೆಳಿಗ್ಗೆ ಸ್ತಾಕಿಸನ ಚಪ್ಪಲಿಯ ಬಾರು ಕಿತ್ತುಹೋಗಿತ್ತು. ಹೊಲಿಯಲು ಹೆಂಡತಿ ಖ್ರೇಸ್ತೆಯ ಕೈಗೆ ಕೊಟ್ಟು ಬರಿಗಾಲಲ್ಲೇ ಬಂದು ಇಳಿದುಬಿಟ್ಟ. ಮಧ್ಯಾಹ್ನ ಉಳಿದವರು ಹತ್ತಿಹೋದರು. ಮನೆಗೆ ಓಡುವುದರಲ್ಲಿ ಇವನೇ ಯಾವಾಗಲೂ ಮೊದಲು, ಗೂಟದಲ್ಲಿ ಚಪ್ಪಲಿಯೂ ಇಲ್ಲ. ಹೋಗಿರಬೇಕು ಅಂದುಕೊಂಡರು.

ತಿರುವಿನಾಚೆ ಕೆತ್ತುತ್ತಿದ್ದವನಿಗೆ ಬೇರೆ ಉಳಿಗಳ ಸದ್ದು ನಿಂತದ್ದು ತಡವಾಗಿ ತಿಳಿಯಿತು. ಕಿವಿಗೊಟ್ಟ. ಅಷ್ಟರಲ್ಲಿ ಬರಿಗಾಲಿಗೆ ತಣ್ಣಗೆ ಏನೋ ತಾಗಿತು.

"ಅಯ್ಯೋ ದೇವರೇ, ಚಪ್ಪಲಿ!"

ಕಂಡಿಯ ಕಡೆಗೆ, ನೀರಿಗೆ ಎದುರಾಗಿ ಓಡಿದ. ಕಾಲು ಜಾರಿತು, ದೀಪ ಬಿದ್ದು ಆರಿತು. ಕತ್ತಲು. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. "ರೂಫಿಯೋ! ನಾನಿದ್ದೀನಿ ಕಣೋ!" ಎಂದು ಅರಚಿದ, ನೀರಿನ ಮೊರೆತದಲ್ಲಿ ಅವನ ದನಿ ಅವನಿಗೇ ಕೇಳಲಿಲ್ಲ. ಗೋಡೆ ತಬ್ಬಿಕೊಂಡು ಗಡಗಡ ನಡುಗುತ್ತಾ ನಿಂತ. ಸತ್ತೆ ಅಂದುಕೊಂಡ.

ಮೇಲೆ ಆಗತಾನೇ ಖ್ರೇಸ್ತೆ ರೂಫಿಯೋನ ಬಳಿಗೆ ಬಂದಿದ್ದಳು.

"ನಿಮ್ಮಣ್ಣ ಎಲ್ಲೋ? ಚಪ್ಪಲಿ ಹೊಲ್ದು ತಂದಿದೀನಿ."

"ಮನೆಗೆ ಬರ್ಲಿಲ್ವಾ ಅಕ್ಕಾ?"

"ಬರಿಗಾಲಲ್ಲಿ ಬಂದೋರು, ಇನ್ನೂ ಬಂದಿಲ್ಲ..."

ರೂಫಿಯೋ ಓಡಿದ. ಹಲಗೆಯ ಮೇಲೆ ಬಿದ್ದು ಮೈಭಾರವೆಲ್ಲ ಹಾಕಿ ಕೆಳಕ್ಕೆ ಒತ್ತಿದ.

ಸ್ತಾಕಿಸನನ್ನು ಹಗ್ಗ ಹಾಕಿ ಎಳೆದರು. ಹಲ್ಲು ಕಟಕಟ ಎನ್ನುತ್ತಿತ್ತು. "ಒಂದು ಬಾರು ಹೊಲಿಯೋಕೆ ಇಷ್ಟೊತ್ತೇನೇ?" ಎಂದು ಹೆಂಡತಿಯನ್ನು ಬೈದು, ಅವಳ ಮಡಿಲಲ್ಲಿ ಮುಖ ಹುದುಗಿಸಿ ಅತ್ತ.

ಆಮೇಲೂ ಒಂಬತ್ತು ವರ್ಷ ಇಳಿದ. ಆಳಿನ ಬಾಳು, ಒಲ್ಲೆ ಎನ್ನಲು ಯಾರು ಬಿಡುತ್ತಾರೆ? ಆದರೆ ಅವನು ಇಳಿದ ದಿನವೆಲ್ಲ ಖ್ರೇಸ್ತೆ ನೂಲಿನ ಕದಿರು ಹಿಡಿದು ಗೂಟದ ಪಕ್ಕದಲ್ಲೇ ಕೂರುತ್ತಿದ್ದಳು.

"ಚಪ್ಪಲಿ ಇದೆಯಲ್ಲ ಅಕ್ಕಾ, ಬಿಸಿಲಲ್ಲಿ ನೀನ್ಯಾಕೆ?" ಎಂದು ರೂಫಿಯೋ ಒಮ್ಮೆ ಕೇಳಿದ.

ಅವಳು ಹಲಗೆಯಿಂದ ಕಣ್ಣು ಕೀಳಲಿಲ್ಲ. "ಚಪ್ಪಲಿ ಕೂಗಲ್ಲ ಕಣಪ್ಪಾ. ನಾನು ಕೂಗ್ತೀನಿ."