ವೀಳ್ಯದೆಲೆಯಲ್ಲಿ ಕಂಡ ಹುಣಸೆಮರ

ನಾನು ಕಾಲು ಮುಂದಾಗಿ ಹುಟ್ಟಿದವನು. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ, ತ್ರಾಸು ಪಟ್ಟವಳು ಅವ್ವ. ಆದರೂ ಕೊಟ್ಟೂರಿನ ನಮ್ಮ ಓಣಿಯಲ್ಲಿ ಐವತ್ತು ವರ್ಷದಿಂದ ನನಗೆ ಇರುವ ಮರ್ಯಾದೆಯೆಲ್ಲ ಅದೊಂದರಿಂದಲೇ. ಅಂಥವರು ಒದ್ದರೆ ಹಿಡಿದ ಸೊಂಟ ಬಿಡುತ್ತದೆ ಎಂದು ನಮ್ಮ ಕಡೆ ನಂಬಿಕೆ. ಬೆಳಿಗ್ಗೆ ನಾನು ಇನ್ನೂ ಹಲ್ಲುಜ್ಜಿರುವುದಿಲ್ಲ, ಯಾರೋ ಒಬ್ಬರು ಸೊಂಟ ಹಿಡಿದುಕೊಂಡು ಬಂದು ಕಟ್ಟೆಯ ಮೇಲೆ ಬೋರಲು ಮಲಗಿರುತ್ತಾರೆ. ಎಡಗಾಲಿನಿಂದ ಮೂರು ಸಲ ಮೆಲ್ಲಗೆ ಒದೆಯುತ್ತೇನೆ. ಒದೆಸಿಕೊಂಡವರು ಮಾತಾಡಬಾರದು, ಹಿಂದಿರುಗಿ ನೋಡಬಾರದು, ಹಾಗೇ ಎದ್ದು ಹೋಗಬೇಕು. ಇಲ್ಲದಿದ್ದರೆ ನೋವು ಮರಳಿ ಬರುತ್ತದಂತೆ. ಹೀಗಾಗಿ ಊರಿನ ಅರ್ಧ ಜನರ ಬೆನ್ನು ನನಗೆ ಗೊತ್ತು. ಮುಖ ತೋರಿಸಿದರೆ ಯಾರೆಂದು ಹೇಳಲಾರೆ.

ಅವ್ವ ಹೋದ ಮೇಲೆ ಮನೆಯಲ್ಲಿ ನಾನೊಬ್ಬನೇ. ಮದುವೆಯಾಗಲಿಲ್ಲ. ಆಗಬಾರದೆಂಬ ವ್ರತವೇನೂ ಇರಲಿಲ್ಲ, ಹೆಣ್ಣು ನೋಡಲು ಬೇರೆ ಊರಿಗೆ ಹೋಗಬೇಕಾಗುತ್ತಿತ್ತು, ಅಷ್ಟೇ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡುಗಳಿಗೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪ್ರೆಸ್ಸಿನವರಿಗೆ ಮೊಬೈಲಿನಲ್ಲೇ ಕಳಿಸುವುದು ನನ್ನ ಕೆಲಸ. ‘ತಮ್ಮ ಆಗಮನಾಭಿಲಾಷಿಗಳು’ ಎಂದು ದಿನಕ್ಕೆ ಹತ್ತು ಸಲ ಹೊಡೆಯುತ್ತೇನೆ. ಆ ಕಾರ್ಡು ಒಂದೂ ನನ್ನ ಮನೆಗೆ ಬರುವುದಿಲ್ಲ. ಎದುರಿಗೆ ಸಿಕ್ಕವರಿಗೆಲ್ಲ ನನಗೆ ಮನೆಯೇ ಹಿತ ಎಂದು ಹೇಳುತ್ತಿದ್ದೆ. ಅದು ಅರ್ಧ ನಿಜ. ಉಳಿದರ್ಧ ಏನೆಂದರೆ, ಬಾ ಎಂದು ಕರೆದವರು ಯಾರೂ ಇರಲಿಲ್ಲ. ಕೆಲವು ದಿನ ಸಂಜೆ ಹೊತ್ತಿಗೆ, ಇವತ್ತು ಬಾಯಿ ಬಿಟ್ಟು ಒಂದು ಮಾತೂ ಆಡಿಲ್ಲವಲ್ಲ ಎಂದು ನೆನಪಾಗಿ, ಅಡುಗೆಮನೆಯಲ್ಲಿ ನಿಂತು “ಸಾರು ಚಲೋ ಆಗೈತಿ” ಎಂದು ಜೋರಾಗಿ ಹೇಳಿಕೊಂಡದ್ದುಂಟು.

ಮೇಷ್ಟ್ರು ಬಂದದ್ದೂ ಸೊಂಟ ಹಿಡಿದೇ. ಹಗರಿಬೊಮ್ಮನಹಳ್ಳಿಯಲ್ಲಿ ಹೈಸ್ಕೂಲಿಗೆ ಗಣಿತ ಹೇಳಿ ನಿವೃತ್ತರಾದವರು, ಎಪ್ಪತ್ತು ದಾಟಿದ ಸಣಕಲು ಮನುಷ್ಯ. ಅವರ ಹಳೇ ವಿದ್ಯಾರ್ಥಿಯೊಬ್ಬ, ಅವನಿಗೂ ಈಗ ನಲವತ್ತರ ಮೇಲೆ, ತನ್ನ ಗೂಡ್ಸ್ ಆಟೋದಲ್ಲಿ ಕೂರಿಸಿಕೊಂಡು ಬಂದಿದ್ದ. ಮೂರನೇ ಒದೆ ಬಿದ್ದ ಕೂಡಲೇ ಮೇಷ್ಟ್ರು ಎದ್ದು ಕೂತು, ನನ್ನ ಕಡೆಗೇ ತಿರುಗಿ, “ಹಗುರಾತು ನೋಡ್ರಿ” ಎಂದರು.

“ಮಾತಾಡಬಾರದ್ರಿ. ನೋವು ತಿರುಗಿ ಬರ್ತೈತಿ.”

“ಬರ್ಲಿ ಬಿಡ್ರಿ, ನಾನೂ ತಿರುಗಿ ಬರ್ತೀನಿ. ಚಾ ಐತೇನು?”

ಐವತ್ತು ವರ್ಷದಲ್ಲಿ ಹಾಗೆ ಕೇಳಿದವರು ಅವರೊಬ್ಬರೇ. ಚಹಾ ಮಾಡಿಕೊಟ್ಟೆ. ಮತ್ತೆ ಬಂದರು. ಮೂರನೇ ಸಲ ಬಂದಾಗ ಸೊಂಟ ನೆಟ್ಟಗಿತ್ತು, ಬಗಲಲ್ಲಿ ಹಳದಿಯಾದ ಒಂದು ನೋಟುಬುಕ್ಕಿತ್ತು.

ಅದು ಅವರ ಅಪ್ಪನದು. ಪಾಳೆಗಾರರ ಕಾಲದಲ್ಲಿ ಹರಪನಹಳ್ಳಿಯಿಂದ ಹೊರಟ ಬಂಗಾರದ ಪೆಟ್ಟಿಗೆಯೊಂದನ್ನು ಈ ಸೀಮೆಯಲ್ಲೇ ಎಲ್ಲೋ ಹೂತಿದ್ದಾರೆ ಎಂದು ನಂಬಿ ಆ ಮನುಷ್ಯ ಜೀವಮಾನವಿಡೀ ಹುಡುಕಿದ್ದರು. ಸಿಗಲಿಲ್ಲ. ಊರು ಅವರಿಗೆ ನಿಧಿಹುಚ್ಚ ಎಂದು ಹೆಸರಿಟ್ಟಿತು. ಸಾಲೆಗೆ ಹೋಗುವಾಗ ಮೇಷ್ಟ್ರು ನಿಧಿಹುಚ್ಚನ ಮಗ. ಮುಂದೆ ಅದೇ ಸಾಲೆಯಲ್ಲಿ ಬೋರ್ಡಿನ ಕಡೆ ತಿರುಗಿ ಲೆಕ್ಕ ಬರೆಯುವಾಗಲೂ ಬೆನ್ನ ಹಿಂದೆ ಅದೇ ಪಿಸುಮಾತು.

“ನನಗ ಬಂಗಾರ ಬ್ಯಾಡ್ರಿ. ಈ ವಯಸ್ಸಿನ್ಯಾಗ ಏನ್ ಮಾಡ್ಲಿ ಬಂಗಾರ? ಅಲ್ಲಿ ಇತ್ತು ಅಂತ ಗೊತ್ತಾದ್ರ ಸಾಕು. ನಮ್ಮಪ್ಪ ಹುಚ್ಚ ಅಲ್ಲ ಅಂತ ನಾ ಕಣ್ಣು ಮುಚ್ಚೋದ್ರಾಗ ಗೊತ್ತಾಗಬೇಕು.”

ಇದರಲ್ಲಿ ನನ್ನ ಕೆಲಸವೇನೆಂದರೆ ಅಂಜನ ನೋಡುವುದು. ಕಾಡಿಗೆಯನ್ನು ಹರಳೆಣ್ಣೆಯಲ್ಲಿ ಕಲಸಿ ವೀಳ್ಯದೆಲೆಗೆ ಸವರಿ ಹಿಡಿದರೆ ನೆಲದೊಳಗೆ ಹುಗಿದದ್ದು ಎಲೆಯಲ್ಲಿ ಕಾಣುತ್ತದೆ, ಅದೂ ಕಾಲು ಮುಂದಾಗಿ ಹುಟ್ಟಿದವನ ಕಣ್ಣಿಗೆ ಮಾತ್ರ. ಗಣಿತ ಹೇಳಿದವರು ನೀವು, ಇದನ್ನು ನಂಬುತ್ತೀರೇನು ಎಂದು ಕೇಳಿದೆ. “ನಮ್ಮಪ್ಪ ನಂಬಿದ್ರು. ಅವರಿಗೆ ಎಲ್ಲಾ ಇತ್ತು, ಕಾಲು ಮುಂದಾದವರೊಬ್ಬರು ಸಿಗಲಿಲ್ಲ” ಎಂದರು.

ನಾನು ಒಲ್ಲೆ ಎಂದೆ. ಗುಡ್ಡ ಅಗೆದು ಇಲಿ ಹಿಡಿಯುವ ಕೆಲಸ ಎಂದೆ. ಭಾನುವಾರ ನಮ್ಮ ಓಣಿಗೆ ನಲ್ಲಿ ನೀರು ಬಿಡುತ್ತಾರೆ ಎಂದೆ, ಹಿತ್ತಲ ಬಾಗಿಲಿನ ಚಿಲಕ ಸಡಿಲವಾಗಿದೆ ಎಂದೆ, ಆಟೋದಲ್ಲಿ ಕೂತರೆ ಹೊಟ್ಟೆ ತೊಳಸುತ್ತದೆ ಎಂದೂ ಹೇಳಿದೆ. ಎಲ್ಲವನ್ನೂ ಕೇಳಿಸಿಕೊಂಡು ಮೇಷ್ಟ್ರು, “ಏಳಕ್ಕ ಬರ್ತೀವಿ” ಎಂದು ಎದ್ದರು.

ಕಥೆಗಳಲ್ಲಿ ನಿಧಿಗೆ ಹೋಗುವವರು ಅಮಾವಾಸ್ಯೆಯ ರಾತ್ರಿ ಹೋಗುತ್ತಾರೆ. ನಾವು ಭಾನುವಾರ ಬೆಳಿಗ್ಗೆ ಹೋಟೆಲಿನಲ್ಲಿ ಇಡ್ಲಿ ತಿಂದು ಹೋದೆವು. ಗುಡಿ, ಕೋಟೆ ಯಾವುದರ ಕಲ್ಲೂ ಮುಟ್ಟಬಾರದು ಎಂಬುದು ಮೇಷ್ಟ್ರ ಕಟ್ಟಪ್ಪಣೆ. ಮುಂದಿನ ಸೀಟಿನಲ್ಲಿ ಮೂವರೂ ಒತ್ತಿಕೊಂಡು ಕೂತು ಕೂಡ್ಲಿಗಿ ದಾರಿ ಹಿಡಿದೆವು. ಕುರುಚಲು ಗುಡ್ಡವೊಂದರ ಬುಡದಲ್ಲಿ ಆಟೋ ನಿಲ್ಲಿಸಿ, ಎಲೆಗೆ ಅಂಜನ ಸವರಿ ನನ್ನ ಕೈಗಿಟ್ಟರು.

ನೋಡಿದೆ. ಎಲೆಯ ಕರಿಮಿಂಚಿನಲ್ಲಿ ನನ್ನದೇ ಮೂಗು ಕಂಡಿತು. ಬೇರೇನೂ ಇಲ್ಲ.

ಇಲ್ಲ ಎಂದಿದ್ದರೆ ಹತ್ತು ಗಂಟೆಗೆ ಮನೆಯಲ್ಲಿರುತ್ತಿದ್ದೆ. ಮನೆ ಬಿಟ್ಟಾಗಿನಿಂದ ಅದನ್ನೇ ಹಂಬಲಿಸುತ್ತಿದ್ದೆ. ಆದರೆ ಹೋಟೆಲಿನಲ್ಲಿ ಮೇಷ್ಟ್ರು ನನ್ನ ತಟ್ಟೆಗೆ ಚಟ್ನಿ ಹಾಕಿಸುವಾಗ “ನಿಮಗ ಖಾರ ಆಗ್ತೈತೇನು?” ಎಂದು ಕೇಳಿದ್ದರು. ಅವ್ವ ಹೋದ ಮೇಲೆ ನನಗೆ ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ಯಾರೂ ವಿಚಾರಿಸಿರಲಿಲ್ಲ. ಈಗ ಅವರಿಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು, ಬೆನ್ನನ್ನಲ್ಲ. ಬಾಯಿ ತಾನಾಗಿ ಬಿಚ್ಚಿತು.

“ಒಂದು ಹುಣಸಿಮರ ಕಾಣಸ್ತೈತಿ.”

ಮೇಷ್ಟ್ರ ಕಣ್ಣು ತುಂಬಿಕೊಂಡವು. ನಮ್ಮ ಸುತ್ತಲಿನ ತಾಲೂಕುಗಳಲ್ಲಿ ಹುಣಸೆಮರವಿಲ್ಲದ ದಾರಿ ಯಾವುದಿದೆ? ಅದು ಮೂವರಿಗೂ ಗೊತ್ತಿತ್ತು, ಮೂವರೂ ಆಡಲಿಲ್ಲ. ಆ ಭಾನುವಾರ ಮುಗಿದು ಇನ್ನೊಂದು ಭಾನುವಾರ ಹುಟ್ಟಿತು.

ಅಲ್ಲಿಂದ ಮುಂದೆ ಸುಮಾರು ಒಂದು ವರ್ಷ ನಾವು ಹುಣಸೆಮರ ನೋಡಿದೆವು. ಹಲವಾಗಲಿನಲ್ಲಿ ಹೊಳೆಯ ದಂಡೆಗೆ ಕೂತು, ಸೊಸೆ ಕಟ್ಟಿಕೊಟ್ಟ ಬುತ್ತಿ ಬಿಚ್ಚಿ ಮೇಷ್ಟ್ರು ರೊಟ್ಟಿಯನ್ನು ಮೂರು ಪಾಲು ಮಾಡುತ್ತಿದ್ದರು. ಮೂರಕ್ಕೆ ಮೂರೂ ಸಮ, ಗಣಿತದವರಲ್ಲವೇ. ಹೊಳಲಿಗೆ ಹೋದಾಗ ಗುಡಿಯಲ್ಲಿ ಆರಾಮಾಗಿ ಮಲಗಿದ ಅನಂತಶಯನನನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು, ಆತನನ್ನು ಭಾನುವಾರ ಏಳಕ್ಕೆ ಎಬ್ಬಿಸಿ ಆಟೋ ಹತ್ತಿಸುವವರು ಯಾರೂ ಇಲ್ಲ. ಹಾಗೆಂದು ಹೇಳಿದೆ. ಮೇಷ್ಟ್ರು ಗುಡಿಯೊಳಗೇ ನಕ್ಕರು. ನನ್ನ ಮಾತಿಗೆ ಒಬ್ಬರು ನಕ್ಕದ್ದು ವಾರವಿಡೀ ಸಾಕಾಯಿತು, ಕಾರ್ಡು ಜೋಡಿಸುತ್ತ ಕೂತಾಗ ನೆನಪಾಗಿ ಒಬ್ಬನೇ ನಗುತ್ತಿದ್ದೆ.

ಹಾಗಂತ ಗೊಣಗುವುದು ಬಿಟ್ಟೆನೇನು? ಇಲ್ಲ. ಪ್ರತಿ ಭಾನುವಾರ ಆಟೋ ಹತ್ತುವಾಗ ಮೊಣಕಾಲು ನೋವು, ಬಿಸಿಲು, ಧೂಳು ಎಂದು ಒಂದು ಸುತ್ತು ರಾಗ ಎಳೆದೇ ಹತ್ತುತ್ತಿದ್ದೆ. ಆರಕ್ಕೇ ಸ್ನಾನ ಮಾಡಿ ಅಂಗಿ ತೊಟ್ಟು ಬಾಗಿಲ ಹಿಂದೆ ಕೂತಿರುತ್ತಿದ್ದೆ. ಆಟೋ ಸದ್ದಾದ ಮೇಲೆ ಬೇಕೆಂದೇ ಸ್ವಲ್ಪ ತಡ ಮಾಡಿ, ಆಕಳಿಸುತ್ತ ಬಾಗಿಲು ತೆಗೆಯುತ್ತಿದ್ದೆ. ಬೇಕು ಎಂದು ತೋರಿಸಿಕೊಂಡರೆ ತಪ್ಪಿಹೋದೀತು ಎಂಬ ಭಯ ಚಿಕ್ಕಂದಿನಿಂದ ಬಂದದ್ದು.

ಎಲೆಯಲ್ಲಿ ಪ್ರತಿ ಸಲ ಒಂದಿಷ್ಟು ಕಾಣಿಸಬೇಕಾಗಿತ್ತು. ತೀರ ಹೆಚ್ಚು ಕಂಡರೆ ಅಗೆಯುತ್ತಾರೆ, ತೀರ ಕಡಿಮೆಯಾದರೆ ಬೇಸರಪಡುತ್ತಾರೆ. ಮರ ಬಲಕ್ಕೆ ವಾಲಿದೆ ಎಂದೆ. ಪಕ್ಕದಲ್ಲಿ ಕಲ್ಲು ಇದೆ ಎಂದೆ. ಕಲ್ಲಿನ ಮೇಲೆ ಓತಿಕ್ಯಾತ ಕೂತಿದೆ ಎಂದೂ ಒಮ್ಮೆ ಹೇಳಿದೆ. ಮೇಷ್ಟ್ರು ಅದನ್ನೂ ನೋಟುಬುಕ್ಕಿನಲ್ಲಿ ಬರೆದುಕೊಂಡರು. ಅವರ ಅಪ್ಪನ ಕೈಬರಹ ಮುಗಿದಲ್ಲಿ ಒಂದು ಗೆರೆ ಎಳೆದು, ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ ನನ್ನ ಸುಳ್ಳುಗಳನ್ನು ಸಾಲಾಗಿ ಬರೆಯುತ್ತಿದ್ದರು. ಅದನ್ನು ನೋಡುವಾಗ ನಾಚಿಕೆಯಾಗುತ್ತಿತ್ತು. ಸುಳ್ಳೆಂದು ಹೇಳಿಬಿಟ್ಟರೆ ಮುಂದಿನ ಭಾನುವಾರವೇ ಇರುವುದಿಲ್ಲ. ಅಷ್ಟು ದೊಡ್ಡ ನಾಚಿಕೆ ನನಗಿರಲಿಲ್ಲ.

ಕಡೆಗೆ ಸುಳ್ಳಿನ ಸರಕು ಮುಗಿಯಿತು. ಒಂದು ಸಲ ಏನೂ ಹೊಳೆಯದೆ, ಚಿಕ್ಕವನಾಗಿದ್ದಾಗ ಅವ್ವನ ತವರಿನ ದಾರಿಯಲ್ಲಿ ನೋಡಿದ್ದ ಒಂದು ಹಾಳುಬಾವಿಯನ್ನು ಎಲೆಯಲ್ಲಿ ಇಳಿಸಿದೆ. ಮೆಟ್ಟಿಲು ಬಾವಿ, ಮೆಟ್ಟಿಲ ಸಂದಿಯಲ್ಲಿ ಬೇವಿನಮರ ಹುಟ್ಟಿ ಬಾವಿಯೊಳಗಿಂದಲೇ ತಲೆ ಎತ್ತಿದೆ, ದಡದಲ್ಲಿ ಹುಣಸೆ. ಅದನ್ನು ಎಂದೋ ಮುಚ್ಚಿಹಾಕಿರುತ್ತಾರೆ ಎಂದುಕೊಂಡಿದ್ದೆ.

ಆಟೋದವನು ತೊಡೆ ತಟ್ಟಿದ. “ಹೊಸಹಳ್ಳಿ ದಾರ್ಯಾಗ ಐತ್ರಿ ಅದು! ಗೊಬ್ಬರ ಹೇರಿಕೊಂಡು ಹೋಗಾಗ ಎಷ್ಟು ಸಲ ನೋಡೀನಿ!”

ಮೇಷ್ಟ್ರು ನನ್ನ ಎರಡೂ ಕೈ ಹಿಡಿದುಕೊಂಡರು. ಜಾಗ ಸಿಕ್ಕಿತು ಎಂದರೆ ಹುಡುಕುವುದು ಮುಗಿಯಿತು. ಬಂಗಾರ ಸಿಕ್ಕರೂ ಅಷ್ಟೇ, ಸಿಗದಿದ್ದರೂ ಅಷ್ಟೇ.

ಮುಂದಿನ ಭಾನುವಾರ ಅಲ್ಲಿಗೆ ಹೋದೆವು. ಪಾಳುಬಿದ್ದ ಹೊಲ, ಸುತ್ತಲೂ ಬಳ್ಳಾರಿ ಜಾಲಿ. ಸ್ವಲ್ಪ ಮಣ್ಣು ಬೇಕಿತ್ತು ಎಂದು ಹೊಲದವನನ್ನು ಕೇಳಿದರೆ, ನಾಲ್ಕು ಬುಟ್ಟಿ ಮಣ್ಣು ತಾನೇ, ಒಯ್ಯಿರಿ ಎಂದು ಎಮ್ಮೆ ಹೊಡೆದುಕೊಂಡು ಹೋದ. ಹುಣಸೆಮರದ ಬುಡದಲ್ಲಿ ಆಟೋದವನು ಅಗೆಯತೊಡಗಿದ. ಅರ್ಧ ಆಗುವಷ್ಟರಲ್ಲಿ ಮೇಷ್ಟ್ರು ಹಾರೆ ಕಸಿದುಕೊಂಡು ತಾವೇ ಗುಂಡಿಗಿಳಿದರು. ಬೇಡವೆಂದರೂ ಕೇಳಲಿಲ್ಲ. ಎದೆ ಏರಿ ಇಳಿಯುವುದು ಅಂಗಿಯ ಮೇಲಿಂದ ಕಾಣುತ್ತಿತ್ತು. ನಾನು ದಡದಲ್ಲಿ ಕೂತು, ಇವರಿಗೆ ಏನಾದರೂ ಆದರೆ ಅದು ನನ್ನ ಬಾಯಿಂದಲೇ ಎಂದುಕೊಳ್ಳುತ್ತ ಅವರ ನೀರಿನ ಬಾಟಲಿ ಹಿಡಿದುಕೊಂಡಿದ್ದೆ.

ಸೊಂಟದಾಳದಲ್ಲಿ ಮಣ್ಣಿನ ಬಣ್ಣ ಬದಲಾಯಿತು. ಬೂದಿ, ಅದರ ಕೆಳಗೆ ಇದ್ದಿಲು. ಬೊಗಸೆ ಬೊಗಸೆ ಇದ್ದಿಲು.

ಆಟೋದವನು ಮೆಲ್ಲಗೆ, “ಋಣ ಇಲ್ಲದವರು ಮುಟ್ಟಿದ್ರ ನಿಧಿ ಇದ್ದಲಿ ಆಗ್ತೈತಿ ಅಂತಾರಲ್ರಿ ಮೇಷ್ಟ್ರ” ಎಂದ.

ನಮ್ಮ ಕಡೆ ಎಲ್ಲರೂ ಹೇಳುವ ಮಾತು ಅದು. ಈ ಸೀಮೆಯಲ್ಲಿ ಜಾಲಿ ಕಡಿದು, ಗುಂಡಿ ತೋಡಿ ಸುಟ್ಟು ಇದ್ದಿಲು ಮಾಡಿ ಮಾರುತ್ತಾರೆ ಎಂಬುದೂ ಎಲ್ಲರಿಗೂ ಗೊತ್ತು. ಅದೇ ಬಾವಿಯ ದಡದಲ್ಲಿ ಹೊಗೆಯಾಡುವ ಇದ್ದಿಲುಗುಂಡಿಗಳನ್ನು ನೋಡುತ್ತ ನಾನು ಅವ್ವನ ಕೈ ಹಿಡಿದು ನಡೆದಿದ್ದೇನೆ. ಮೇಷ್ಟ್ರು ಗುಂಡಿಯಲ್ಲೇ ಮೊಣಕಾಲೂರಿ ಕೂತರು. ಇದ್ದಿಲನ್ನು ಎರಡೂ ಕೈಯಲ್ಲಿ ಎತ್ತಿ ಮುಖದ ಹತ್ತಿರ ತಂದು ನೋಡಿದರು.

“ಇತ್ತು,” ಎಂದರು. “ಇಲ್ಲೇ ಇತ್ತು. ನಮ್ಮಪ್ಪ ಹೇಳಿದ್ದು ಖರೇ ಐತಿ. ನನಗ ಯೋಗ ಇಲ್ಲ ಅಷ್ಟೇ.” ಆಮೇಲೆ ಅತ್ತರು. ಬಿಕ್ಕಿ ಬಿಕ್ಕಿ ಅತ್ತು, ಅದೇ ಕೈಯಿಂದ ಕಣ್ಣೊರೆಸಿಕೊಂಡು ಮುಖವೆಲ್ಲ ಮಸಿ ಮಾಡಿಕೊಂಡರು. ಅಷ್ಟು ಹಗುರಾದ ಮುಖವನ್ನು ನಾನು ನೋಡಿದ್ದಿಲ್ಲ.

ಆಟೋದವನಿಗೆ ಸಮಾಧಾನವಾಗಲಿಲ್ಲ. “ನಿಧಿ ಜಾಗ ಬಿಟ್ಟು ಸರೀತೈತಂತ್ರಿ. ಎಲ್ಲಿಗೆ ಹೋಗೈತೋ, ಇನ್ನೊಮ್ಮಿ ನೋಡಸಣ” ಎಂದು ಎಲೆಗೆ ಅಂಜನ ಸವರಿ ನನ್ನ ಮುಂದೆ ಹಿಡಿದ. ಮೇಷ್ಟ್ರು ಗುಂಡಿಯಿಂದ ತಲೆ ಎತ್ತಿ ನೋಡಿದರು. ಇದ್ದಿಲು ಹಿಡಿದ ಕೈ ಸ್ವಲ್ಪ ಸಡಿಲವಾಯಿತು.

ನಾಲಿಗೆಯ ತುದಿಯಲ್ಲಿ ಒಂದು ಆಲದಮರ ಸಿದ್ಧವಾಗಿತ್ತು. ಹಡಗಲಿ ಕಡೆ ಎಂದರೆ ಸಾಕು, ಇನ್ನೊಂದು ವರ್ಷದ ಭಾನುವಾರಗಳು ನನ್ನವು. ಬುತ್ತಿ, ಹೊಳೆ, ಒತ್ತಿಕೊಂಡು ಕೂರುವ ಸೀಟು, ಎಲ್ಲ ನನ್ನವು. ಮೇಷ್ಟ್ರು ಮಾತ್ರ ಆ ಇದ್ದಿಲನ್ನು ಅಲ್ಲೇ ಚೆಲ್ಲಿ ಮತ್ತೆ ನಿಧಿಹುಚ್ಚನ ಮಗನಾಗಿ ಮೇಲೆ ಬರಬೇಕಾಗುತ್ತಿತ್ತು.

ಎಲೆಯನ್ನು ಬಹಳ ಹೊತ್ತು ನೋಡಿದೆ.

“ಏನೂ ಕಾಣವಲ್ದು” ಎಂದೆ. ಆ ಎಲೆ ಹಿಡಿದು ನಾನು ಆಡಿದ ನಿಜ ಅದೊಂದೇ.

ಕೊಟ್ಟೂರಿಗೆ ಬರುವವರೆಗೂ ಮೇಷ್ಟ್ರು ಅಪ್ಪನ ಬಗ್ಗೆ ಮಾತಾಡಿದರು. ಅಪ್ಪನ ನಗೆ, ಅಪ್ಪನ ಸೈಕಲ್ಲು, ಅಪ್ಪ ಸಂತೆಯಿಂದ ತರುತ್ತಿದ್ದ ಪೇರಲಹಣ್ಣು. ಒಂದು ವರ್ಷದಲ್ಲಿ ಅವನ್ನೆಲ್ಲ ಒಮ್ಮೆಯೂ ಹೇಳಿರಲಿಲ್ಲ. ಮನೆಯ ಮುಂದೆ ಆಟೋ ನಿಂತಾಗ ಅವರೂ ಇಳಿದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು.

“ನಿಮಗ ಭಾಳ ತ್ರಾಸ ಕೊಟ್ವಿ. ಮನಿ ಬಿಟ್ಟು ಬರೋದು ನಿಮಗ ಸೇರಂಗಿಲ್ಲ ಅಂತ ಗೊತ್ತಿದ್ದೂ ವಾರ ವಾರ ಎಳಕೊಂಡು ಹೋದ್ವಿ. ನನಗೋಸ್ಕರ ಬಂದ್ರಿ. ಇನ್ನು ಆರಾಮ ಮನ್ಯಾಗ ಇರ್ರಿ. ಯಾರೂ ಬಂದು ಕಾಡಂಗಿಲ್ಲ.”

“ಆತ್ರಿ” ಎಂದೆ.

ನಮ್ಮ ಓಣಿ ಇಕ್ಕಟ್ಟು. ಆಟೋ ತಿರುಗಿಸಲು ಅವನು ಎರಡು ಮೂರು ಸಲ ಹಿಂದೆ ಮುಂದೆ ಮಾಡಬೇಕಾಯಿತು. ನಾನು ಬಾಗಿಲಲ್ಲೇ ನಿಂತಿದ್ದೆ. ಸುಮ್ಮನೆ ಬರ್ತಾ ಇರ್ರಿ, ಚಹಾಕ್ಕಾದರೂ ಬರ್ರಿ ಎನ್ನುವಷ್ಟು ಹೊತ್ತು ಇತ್ತು. ಅನ್ನಲಿಲ್ಲ.