ಗೇರಿನ ಗುಳ್ಳೆಯ ಕೆಳಗೆ

ನನ್ನ ವಯಸ್ಸಿನವರ ಎಡತೋಳು ನೋಡಿ, ಹುಣಸೆಬೀಜದಷ್ಟು ಒಂದು ಕಲೆ ಇರುತ್ತದೆ. ಕ್ಷಯ ಬಾರದಿರಲೆಂದು ಬಿಸಿಜಿ ಚುಚ್ಚಿದ ಗುರುತು. ನನಗೆ ಅದಿಲ್ಲ. ಸ್ಲೀವ್‌ಲೆಸ್ ಬ್ಲೌಸಿನ ಕಾಲದಲ್ಲಿ ಗೆಳತಿಯರು ನನ್ನನ್ನು ಲಕ್ಕಿ ಅನ್ನುತ್ತಿದ್ದರು. ನಾನು ನಕ್ಕು ಸುಮ್ಮನಾಗುತ್ತಿದ್ದೆ. ಕಾರಣ ನನ್ನ ಅತ್ತೆ, ಅಪ್ಪನ ತಂಗಿ. ಅದನ್ನೆಲ್ಲ ಟೀ ಪಾರ್ಟಿಯಲ್ಲಿ ಹೇಳಲಿಕ್ಕೆ ಬರುತ್ತದೆಯೇ?

ಅರವತ್ತರ ದಶಕದ ಮೊದಲ ವರ್ಷಗಳು. ಶರಾವತಿಗೆ ಅಣೆಕಟ್ಟು ಏಳುತ್ತಿತ್ತು, ಮುಳುಗುವ ಊರಿನವರು ಪರಿಹಾರದ ಕಾಗದ ಹಿಡಿದು ಹೊಸನಗರದ ನಮ್ಮ ಜಗಲಿಯಲ್ಲಿ ಕೂತಿರುತ್ತಿದ್ದರು. ಅಪ್ಪ ವಕೀಲರು. ಆಫೀಸು ರೂಮಿನ ಮೂರು ಗೋಡೆಗೂ ಕಾನೂನಿನ ಪುಸ್ತಕ. ಆಷಾಢ ಬಂತೆಂದರೆ ಆ ಚರ್ಮದ ರಟ್ಟುಗಳ ಮೇಲೆ ಬೂಷ್ಟು ಏಳುತ್ತಿತ್ತು, ಮೊದಲು ಬಿಳಿ, ಆಮೇಲೆ ಪಾಚಿ ಬಣ್ಣ. ಒಂದೊಂದನ್ನೇ ಇಳಿಸಿ, ಒಣಬಟ್ಟೆಯಲ್ಲಿ ಒರೆಸಿ, ಅಗ್ಗಿಷ್ಟಿಕೆಯ ಕೆಂಡದ ಪಕ್ಕ ತೆರೆದಿಟ್ಟು ಕಾಯಿಸುವುದು ಅತ್ತೆಯ ಕೆಲಸ. ಅವಳಿಗೆ ಆಗ ಇಪ್ಪತ್ತೊಂದೋ ಇಪ್ಪತ್ತೆರಡೋ. ಏಳನೇ ಕ್ಲಾಸಿಗೆ ಓದು ಬಿಡಿಸಿದ್ದರು.

ನಾನು ಸಾಗರದ ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದವಳು. ರಜೆಗೆ ಬಂದರೆ ಅತ್ತೆಯ ಬೆನ್ನು ಬಿಡುತ್ತಿರಲಿಲ್ಲ. ಅವಳು ಪುಸ್ತಕ ಒರೆಸುವಾಗ ನಾನು ಅದರ ಬೆನ್ನಿನ ಮೇಲಿನ ಚಿನ್ನದ ಅಕ್ಷರ ಓದಿ ಹೇಳಬೇಕು, ಅವಳು ಕೂಡಿಸಿ ಕೂಡಿಸಿ ಓದಬೇಕು. ಹಾಗೆ ಅವಳಿಗೆ ಇಂಗ್ಲಿಷ್ ಬಂದಿದ್ದು. ನನ್ನ ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ಬರೆದೂ ಬರೆದೂ ಅವಳ ಹ್ಯಾಂಡ್‌ರೈಟಿಂಗ್ ನನ್ನದಕ್ಕಿಂತ ಚೆಂದವಾಯಿತು. ರಾತ್ರಿ ಇಬ್ಬರಿಗೂ ಒಂದೇ ಚಾಪೆ, ಒಂದೇ ಕಂಬಳಿ.

ಬೂಷ್ಟಿನ ಪುಸ್ತಕ ತೆರೆದ ಕೂಡಲೇ ನನಗೆ ಸಾಲು ಸಾಲು ಸೀನು. ಅತ್ತೆ ಸೀನುತ್ತಿರಲಿಲ್ಲ, ಕೆಮ್ಮುತ್ತಿದ್ದಳು. ಸೆರಗನ್ನು ಮಡಿಸಿ ಬಾಯಿಗೆ ಒತ್ತಿ, ಸಣ್ಣಗೆ, ಯಾರಿಗೂ ತೊಂದರೆ ಕೊಡಬಾರದು ಎಂಬ ಹಾಗೆ. ಪುಸ್ತಕ ಇಲ್ಲದ ಕಡೆಯೂ ಕೆಮ್ಮುತ್ತಿದ್ದಳು. ಅದನ್ನು ನಾನು ಗಮನಿಸಿದ್ದೆ. ಅಜ್ಜಿ ಮಾತ್ರ ಬೂಷ್ಟಿನ ಧೂಳು ಎಂದೇ ಹೇಳುತ್ತಿದ್ದರು. ಕೋಣಂದೂರಿನ ಮಾಸ್ತರೊಬ್ಬರಿಗೆ ಅತ್ತೆಯನ್ನು ಕೊಡುವುದೆಂದು ಗೊತ್ತಾಗಿತ್ತು, ಮಾಘದಲ್ಲಿ ಮದುವೆ. ಮದುವೆಯಾಗಿ ಹೋದರೆ ಬೂಷ್ಟೂ ಇಲ್ಲ, ಕೆಮ್ಮೂ ಇಲ್ಲ ಎಂಬುದು ಅಜ್ಜಿಯ ಲೆಕ್ಕ. ಹೆಣ್ಣಿನ ಕೆಮ್ಮು ಹೊರಗೆ ಕೇಳಿಸಿದರೆ ಆ ಕಾಲದಲ್ಲಿ ಸಂಬಂಧ ನಿಲ್ಲುತ್ತಿರಲಿಲ್ಲ. ಅದು ನನಗೂ ಗೊತ್ತಿತ್ತು.

ಆ ವರ್ಷ ದಸರಾ ರಜೆಗೆ ಇನ್ನೊಂದು ವಾರವಿದೆ ಎನ್ನುವಾಗ ಸ್ಕೂಲಿಗೆ ಬಿಸಿಜಿಯವರು ಬಂದರು. ಮೊದಲು ಮುಂಗೈ ಮೇಲೆ ಒಂದು ಸಣ್ಣ ಟೆಸ್ಟು ಸೂಜಿ. ಮೂರು ದಿನ ಬಿಟ್ಟು ಬಂದು ನೋಡುತ್ತಾರೆ, ಏನೂ ಏಳದವರಿಗೆ ತೋಳಿಗೆ ಇನ್ನೊಂದು. ಊದಿಕೊಂಡವರಿಗೆ ಎರಡನೆಯದು ಇಲ್ಲ. ಇಷ್ಟು ಸುದ್ದಿ ಡಾರ್ಮಿಟರಿಗೆ ತಲುಪಿದ ಮೇಲೆ ಇನ್ನೇನು ಬೇಕು? ಆನಂದಪುರದ ಕಡೆಯ ದೊಡ್ಡ ಕ್ಲಾಸಿನ ಹುಡುಗಿಯೊಬ್ಬಳ ಟ್ರಂಕಿನಲ್ಲಿ ಹಸಿ ಗೇರುಬೀಜವಿತ್ತು. ಅದರ ಸಿಪ್ಪೆಯ ಎಣ್ಣೆ ತಾಗಿದಲ್ಲಿ ಚರ್ಮ ಸುಟ್ಟು ಗುಳ್ಳೆ ಏಳುತ್ತದೆ, ಮಲೆನಾಡಿನ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ನಾವು ನಾಲ್ಕು ಜನ ಸೂಜಿ ಚುಚ್ಚಿದ ಜಾಗಕ್ಕೆ ಅದನ್ನು ಹಚ್ಚಿಕೊಂಡೆವು. ಉರಿ ಎಂದರೆ ಉರಿ. ಪ್ರೇಯರಿನಲ್ಲಿ ನನ್ನ ಕಣ್ಣೀರು ನೋಡಿ ಸಿಸ್ಟರ್ ಭಕ್ತಿ ಎಂದುಕೊಂಡರು.

ಮೂರನೇ ದಿನ ನೋಡಲು ಬಂದವರು ದಪ್ಪ ಕನ್ನಡಕದ, ಸಣಕಲು ಮನುಷ್ಯ. ಕೈಯಲ್ಲಿ ಆಚೆ ಈಚೆ ಕಾಣುವ ಒಂದು ಸ್ಕೇಲು. ಮೊದಲ ಹುಡುಗಿಯ ಕೈ ನೋಡಿದವರೇ ಸಿಸ್ಟರ್ ಕಡೆ ತಿರುಗಿ, "ಏನ್ ಸಿಸ್ಟರ್, ನಿಮ್ಮ ಸ್ಕೂಲಲ್ಲಿ ದಸರಾಕ್ಕೇ ಗೇರಿನ ಸೀಸನ್ನಾ?" ಎಂದರು. ನಮ್ಮ ಪ್ಲಾನು ಅಲ್ಲಿಗೆ ಮುಗಿಯಿತು. ಉಳಿದ ಮೂವರಿಗೂ ಬೈಗುಳದ ಜೊತೆ ಎರಡನೇ ಸೂಜಿ ಬಿತ್ತು.

ನನ್ನ ಕೈಗೆ ಬಂದಾಗ ಅವರು ನಗಲಿಲ್ಲ. ಗುಳ್ಳೆಯ ಸುತ್ತ ಹೆಬ್ಬೆರಳಾಡಿಸಿದರು. ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ಆಡಿಸಿದರು. ಚರ್ಮದ ಒಳಗೆ, ಮಾವಿನ ಮಿಡಿಯಷ್ಟು ಗಟ್ಟಿಯಾಗಿ ಏನೋ ಕೂತಿತ್ತು.

"ಮೇಲಿಂದು ಗೇರು," ಎಂದರು. "ಕೆಳಗಿಂದು ಗೇರಲ್ಲ."

ಮನೆಯಲ್ಲಿ ಯಾರಾದರೂ ತುಂಬ ದಿನದಿಂದ ಕೆಮ್ಮುತ್ತಾರಾ ಎಂದು ಕೇಳಿದರು. ನಾನು ತಕ್ಷಣ "ನೋ ಸರ್" ಎಂದೆ. ಹೆದರಬೇಡ, ಇದು ಕಾಯಿಲೆಯಲ್ಲ ಎಂದರು. ನಿನ್ನ ಮೈ ಆ ರೋಗದ ಕ್ರಿಮಿಯನ್ನು ಎಲ್ಲೋ ಒಮ್ಮೆ ಕಂಡಿದೆ, ಈಗ ಗುರುತು ಹಿಡಿದಿದೆ, ಅಷ್ಟೇ. ಆದರೆ ಕ್ರಿಮಿ ತಾನಾಗಿ ನಡೆದು ಬರುವುದಿಲ್ಲ ಮಗು, ಯಾರೋ ತಂದಿರಬೇಕು. ಇಷ್ಟು ಹೇಳಿ ಅವರು ಸಿಸ್ಟರ್ ಜೊತೆ ಆಚೆ ಹೋದರು.

ನಾನು ಡಾಕ್ಟರಲ್ಲ, ಓದಿದ್ದು ಲಿಟರೇಚರ್. ಆದರೂ ಈ ವಿಷಯ ಎಲ್ಲಿ ಕಂಡರೂ ಓದುತ್ತೇನೆ. ನನ್ನ ಮೈಗೆ ಬೂಷ್ಟು ಎಂದರೆ ಬಾಗಿಲಲ್ಲೇ ಜಗಳ. ಮೂಗಿಗೆ ಬಿದ್ದ ಕ್ಷಣದಲ್ಲಿ ಸೀನು, ಕಣ್ಣಲ್ಲಿ ನೀರು. ಕ್ಷಯದ ಕ್ರಿಮಿಯ ಜೊತೆ ಹಾಗಲ್ಲ. ಒಳಗಿನ ಕಾವಲಿನವರು ಅದನ್ನು ಕೊಲ್ಲಲಾಗದೆ ಸುತ್ತ ಬೇಲಿ ಕಟ್ಟಿ ಕೂರುತ್ತಾರಂತೆ. ಟೆಸ್ಟಿನ ಸೂಜಿ ಬಿದ್ದಾಗ ಹಳೆಯ ಪರಿಚಯ ನೆನಪಾಗಿ ಒಬ್ಬೊಬ್ಬರೇ ಅಲ್ಲಿಗೆ ಬಂದು ಸೇರುತ್ತಾರೆ, ಅದಕ್ಕೆ ಎರಡು ಮೂರು ದಿನ ಬೇಕು. ನಿಧಾನದ ನೆನಪು. ಈಗ ನನ್ನದೂ ಹಾಗೆಯೇ ಆಗಿದೆ ಅನ್ನಿ.

ರಜೆಗೆ ಹೊರಡುವಾಗ ಸಿಸ್ಟರ್ ಅಪ್ಪನ ಹೆಸರಿಗೆ ಒಂದು ಇಂಗ್ಲಿಷ್ ಕಾಗದ ಕೊಟ್ಟರು. ಅಪ್ಪ ಕೇಸಿಗೆಂದು ಬೆಂಗಳೂರಿಗೆ ಹೋಗಿದ್ದರು, ಬರುವುದು ಹಬ್ಬಕ್ಕೇ. ಸ್ಕೂಲಿನ ಕಾಗದ ಎಂದ ಕೂಡಲೇ ಅಜ್ಜಿ ಒಡೆದು ಓದು ಎಂದರು. ಮನೆಯಲ್ಲಿ ಹಳೆಯ ಕೆಮ್ಮಿನವರು ಯಾರಾದರೂ ಇದ್ದರೆ ತಡಮಾಡದೆ ಎದೆಯ ಎಕ್ಸ್‌ರೇ ತೆಗೆಸಿ, ಮಗುವಿಗೆ ತಾಗಿದೆ ಎಂದು ಅದರಲ್ಲಿ ಬರೆದಿತ್ತು. ನಾನು ಕಾಗದ ಎತ್ತಿ ಹಿಡಿದು, ಸ್ವಲ್ಪವೂ ತಡವರಿಸದೆ, ನಿಮ್ಮ ಮಗಳು ಲೆಕ್ಕದಲ್ಲಿ ಬಹಳ ಮುಂದಿದ್ದಾಳೆ, ಹಾಲು ಜಾಸ್ತಿ ಕೊಡಿ ಎಂದು ಓದಿದೆ. ಅಜ್ಜಿಗೆ ಸಂತೋಷವಾಯಿತು. ಅತ್ತೆ ಕೆಂಡ ಕೆದಕುತ್ತ ನನ್ನ ಮುಖ ನೋಡುತ್ತಿದ್ದಳು.

ಮಾರನೇ ದಿನ ಊಟದ ಮೇಲೆ ಅವಳು ಆಫೀಸು ರೂಮಿಗೆ ನನ್ನನ್ನು ಕರೆದಳು. ಮೊಣಕಾಲ ಮೇಲೆ ನನ್ನ ಸ್ಕೂಲ್ ಡಿಕ್ಷನರಿ, ಅದರ ಮೇಲೆ ಆ ಕಾಗದ.

"ಇದ್ರಲ್ಲಿ ಲೆಕ್ಕದ ಸುದ್ದಿನೇ ಇಲ್ವಲ್ಲೆ," ಎಂದಳು.

ನಾನು ಅಳತೊಡಗಿದೆ. ಮದುವೆ ನಿಂತುಹೋಗುತ್ತದೆ, ಯಾರಿಗೂ ಹೇಳಬೇಡ, ಕಾಗದ ಅಗ್ಗಿಷ್ಟಿಕೆಗೆ ಹಾಕು ಎಂದೆಲ್ಲ ಬಡಬಡಿಸಿದೆ. ಅವಳು ಕೈ ತೋರಿಸು ಎಂದಳು. ಗುಳ್ಳೆ ಒಣಗಿ ಕಪ್ಪಗಾಗಿತ್ತು, ಕೆಳಗಿನ ಗಟ್ಟಿ ಹಾಗೇ ಇತ್ತು. ಅದನ್ನು ಮೆಲ್ಲಗೆ ಒತ್ತಿ ನೋಡಿದಳು.

"ಇದು ನನ್ನಿಂದ ಬಂದಿದ್ದಾ?"

ನಾನು ಕೈ ಹಿಂದಕ್ಕೆ ಎಳೆದುಕೊಂಡೆ.

"ಆ ಮಾಸ್ತರ ಮನೆ ತುಂಬ ಚಿಕ್ಕ ಮಕ್ಕಳಂತೆ," ಎಂದಳು. ಕಾಗದವನ್ನು ಮಡಿಸಿ ಡಿಕ್ಷನರಿಯೊಳಗೆ ಇಟ್ಟು, "ನಡಿ ಮಾರಾಯ್ತಿ, ನಾಳೆ ಫಸ್ಟ್ ಬಸ್ಸಿಗೆ ಹೋಗಣ."

ಅಜ್ಜಿಗೆ ರವಿಕೆ ಬಟ್ಟೆ ತರುತ್ತೇವೆಂದು ಹೇಳಿ ಸಾಗರಕ್ಕೆ ಹೋದೆವು. ಬಸ್ಸಿನಲ್ಲಿ ಅವಳು ನನ್ನನ್ನು ಕಿಟಕಿಯ ಪಕ್ಕ ಕೂರಿಸಿ, ತಾನು ಪೂರ್ತಿ ಆಚೆಗೆ ಮುಖ ಮಾಡಿ ಕೂತಳು. ಇಡೀ ದಾರಿ ಅವಳ ಜಡೆ ಬಿಟ್ಟರೆ ನನಗೆ ಬೇರೇನೂ ಕಾಣಲಿಲ್ಲ. ಆಸ್ಪತ್ರೆಯಲ್ಲಿ ಕಫ ಪರೀಕ್ಷೆಗೆ ಕೊಟ್ಟದ್ದಾಯಿತು, ಎಕ್ಸ್‌ರೇ ಆಯಿತು. ಡಾಕ್ಟರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಲಗಡೆ ಮೇಲೆ ಬೆಳ್ಳಗೆ ಮೋಡದಂತೆ ಇತ್ತು. ಅತ್ತೆ ಬಗ್ಗಿ ನೋಡಿ, "ಬೂಷ್ಟು ಹಿಡ್ದ ಹಾಗೇ ಉಂಟಲ್ಲ, ಅಮ್ಮ ಹೇಳಿದ್ದೇನು ಪೂರ್ತಿ ಸುಳ್ಳಲ್ಲ," ಎಂದಳು. ಡಾಕ್ಟರಿಗೆ ನಗು ಬಂತು. ಈಗ ಮದ್ದು ಬಂದಿದೆ, ಮನೆಯಲ್ಲೇ ಇದ್ದು ಗುಣವಾಗಬಹುದು, ಒಂದೂವರೆ ವರ್ಷ ಒಂದು ದಿನವೂ ತಪ್ಪಬಾರದು ಎಂದರು. ನನ್ನನ್ನೂ ಪರೀಕ್ಷೆ ಮಾಡಿ, ಇವಳ ಮೈ ಚೆನ್ನಾಗಿ ಕಾದುಕೊಂಡಿದೆ ಎಂದರು.

ಅಪ್ಪ ಬಂದ ಮೇಲೆ ಅತ್ತೆಯೇ ಹೇಳಿದಳು. ಕೋಣಂದೂರಿಗೆ ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕೆಂದು ಹಟ ಹಿಡಿದಳು. ಅಪ್ಪ ಎರಡು ದಿನ ಬಿಟ್ಟು ಬರೆದರು. ಅಲ್ಲಿಂದ ನಾಲ್ಕು ಸಾಲಿನ ಮರ್ಯಾದೆಯ ಉತ್ತರ ಬಂತು, ಮದುವೆ ನಿಂತಿತು. ಬೂಷ್ಟು ಅಂದಿದ್ದರೆ ಯಾರ ಗಂಟು ಹೋಗ್ತಿತ್ತು ಎಂದು ಅಜ್ಜಿ ವಾರಗಟ್ಟಲೆ ಗೊಣಗಿದರು. ನನಗೆ ಅಪರಾಧಿ ಭಾವ. ಐ ವಾಸ್ ಓನ್ಲಿ ಎ ಚೈಲ್ಡ್, ನಿಜ. ಆದರೆ ಆ ಕಾಗದವನ್ನು ಮನೆಗೆ ತಂದವಳು ನಾನೇ.

ಬೇಸಿಗೆ ರಜೆಗೆ ಬಂದಾಗ ಅತ್ತೆ ತುಸು ಮೈ ತುಂಬಿಕೊಂಡಿದ್ದಳು. ದಿನಾ ಕಾಂಪೌಂಡರಿಂದ ಇಂಜೆಕ್ಷನ್, ಮುಷ್ಟಿ ತುಂಬ ಮಾತ್ರೆ. ಇನ್ನು ಯಾರಿಗೂ ತಾಗುವುದಿಲ್ಲ ಎಂದು ಡಾಕ್ಟರು ಹೇಳಿ ಎರಡು ತಿಂಗಳಾಗಿದ್ದರೂ ಅವಳ ತಟ್ಟೆ, ಲೋಟ, ಚಾಪೆ ಎಲ್ಲ ಮನೆಯ ಹಿಂದಿನ ಕಟ್ಟೆಯಲ್ಲೇ ಇದ್ದವು. ಯಾರೂ ಇಡಿಸಿದ್ದಲ್ಲ, ಅವಳೇ ಇಟ್ಟುಕೊಂಡಿದ್ದು. ನಾನು ಹತ್ತಿರ ಹೋದರೆ ಅಷ್ಟೇ ದೂರ ಸರಿಯುತ್ತಿದ್ದಳು. ಪುಸ್ತಕ ಒರೆಸುವಾಗಲೂ ನನ್ನನ್ನು ಬಾಗಿಲಾಚೆ ಕೂರಿಸಿ, ಅಲ್ಲಿಂದಲೇ ಓದು ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಕಟ್ಟೆಯ ಮೇಲೆ ಮೊಸರನ್ನ ಕಲಸಿಕೊಂಡು ಕೂತಿದ್ದಳು. ನಾನು ಹೋಗಿ ಎದುರಿಗೆ ಕೂತೆ, ಅವಳ ತಟ್ಟೆಗೇ ಕೈ ಹಾಕಿ ಒಂದು ತುತ್ತು ತೆಗೆದು ಬಾಯಿಗಿಟ್ಟೆ. ನಮ್ಮ ಮನೆಯಲ್ಲಿ ಆರೋಗ್ಯ ಇದ್ದವರ ಎಂಜಲನ್ನೂ ಯಾರೂ ಮುಟ್ಟುತ್ತಿರಲಿಲ್ಲ. ಅವಳು ತಟ್ಟೆ ಎಳೆದುಕೊಂಡಳು.

"ಎಂತದೇ ಇದು? ಹೆದ್ರಿಕೆ ಇಲ್ವಾ ನಿಂಗೆ?"

"ನಂಗೆ ಇಲ್ಲ. ನನ್ ಮೈಗೆ ನಿನ್ ಪರಿಚಯ ಉಂಟಂತೆ, ಡಾಕ್ಟ್ರೇ ಹೇಳಿದಾರೆ."

ಅತ್ತೆ ಬೈಯಲು ಬಾಯಿ ತೆರೆದವಳು ನಕ್ಕುಬಿಟ್ಟಳು. ಮೊದಲೆಲ್ಲ ಅವಳ ನಗು ಅರ್ಧಕ್ಕೆ ಕೆಮ್ಮಾಗಿ, ಸೆರಗಿನೊಳಗೆ ಮುಗಿಯುತ್ತಿತ್ತು. ಅವತ್ತು ನಾನು ಉಸಿರು ಹಿಡಿದು ಕಾದೆ. ಕೆಮ್ಮು ಬರಲಿಲ್ಲ. ನಗು ತನ್ನಷ್ಟಕ್ಕೆ ಪೂರ್ತಿಯಾಯಿತು. ಅವಳು ಕಣ್ಣೊರೆಸಿಕೊಂಡು ತಟ್ಟೆಯನ್ನು ನಮ್ಮಿಬ್ಬರ ನಡುವೆ ಇಟ್ಟಳು, ಉಪ್ಪಿನಕಾಯಿಯ ಹೋಳನ್ನು ಮಾತ್ರ ತನ್ನ ಕಡೆಗೆ ಸರಿಸಿಕೊಂಡಳು.